ಆಸರಿ

ಇಲಾಖೆಯವರು ಕಳಿಸಿದ ಪೋಸ್ಟರಿನಲ್ಲಿ
ಗುಂಡುಮುಖದ ಒಬ್ಬ ಗಂಡಸು, ಬಣ್ಣದ ಕೊಡೆ,
ಪಕ್ಕದಲ್ಲೊಂದು ಎಲೆತುಂಬಿದ ಮರ.
‘ಹನ್ನೆರಡರಿಂದ ಮೂರರವರೆಗೆ ಬಿಸಿಲಿಗೆ ಹೋಗಬೇಡಿ.’
ಅದನ್ನು ನಾನು ಅಂಟಿಸಿದ್ದು
ಉಪ್ಪಿನಾಗರದ ಪಂಪಿನಮನೆ ಗೋಡೆಗೆ.
ಅಲ್ಲಿಂದ ತದಡಿ ಹೊಳೆಯ ತನಕ
ಮರವೆಂಬುದು ಅದೊಂದೇ.

ಮೇ ತಿಂಗಳು. ಮೋಡ ಬಂದು ಕೆಡಿಸುವ ಮುಂಚೆ
ಬಳಿದಷ್ಟು ಬಂತು.
ಆಕಾಶದ್ದೊಂದು ಬಿಸಿಲು, ಕಟ್ಟೆಯ ನೀರಿನದಿನ್ನೊಂದು,
ರಾಶಿ ಬಿದ್ದ ಉಪ್ಪಿನದು ಮೂರನೆಯದು.
ಕೆಳಗಿನಿಂದಲೂ ಸುಡುತ್ತದೆ ಇಲ್ಲಿ;
ಸೆರಗು ಹೊದ್ದು ತಲೆ ಉಳಿಸಿಕೊಂಡರೆ
ಗದ್ದದ ಅಡಿ ಕಪ್ಪಾಗುತ್ತದೆ.

ನನ್ನ ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ನಲವತ್ತು,
ಥರ್ಮಾಮೀಟರು, ದಪ್ಪ ರಿಜಿಸ್ಟರು,
ಮುರುಗಲು ಸಿಪ್ಪೆ ನೆನೆಹಾಕಿದ ಕೆಂಪು ನೀರಿನ ಬಾಟ್ಲಿ
(ಅದು ನನ್ನದು).
ವಾರಕ್ಕೆರಡು ಸಲ ಒದರುತ್ತಿದ್ದೆ:
ಬಾಯಿ ಒಣಗುವ ತನಕ ಕಾಯಬೇಡಿ,
ಗಂಜಿತೆಳಿ ಚೆಲ್ಲಬೇಡಿ, ಚಿಟಿಕೆ ಉಪ್ಪು ಹಾಕಿ ಕುಡಿಯಿರಿ,
ಉಚ್ಚೆ ಅರಿಶಿನದ ಬಣ್ಣಕ್ಕೆ ತಿರುಗಿದರೆ ನನಗೆ ಹೇಳಿ.
ಹ್ಞೂಂ ಅನ್ನುತ್ತಿದ್ದರು. ಬುಟ್ಟಿ ಎತ್ತುತ್ತಿದ್ದರು.
ಮಣ್ಣಿನ ಕೊಡ ಬೆಳಿಗ್ಗೆ ಹೇಗಿತ್ತೋ
ಸಂಜೆಗೂ ಹಾಗೇ, ಕಂಠಮಟ್ಟ.

ನನಗೆ ಸಿಟ್ಟು. ರಿಜಿಸ್ಟರಿನಲ್ಲಿ ಬರೆದೆ:
‘ತಿಳಿವಳಿಕೆಯ ಕೊರತೆ.’

ಬುಧವಾರ ಮಾಸ್ತಿ ಬಿದ್ದಳು.
ಹದಿನಾಲ್ಕನೆಯ ಬುಟ್ಟಿ ಸುರಿದು ತಿರುಗಿದವಳು
ಮೀನಖಂಡ ಹಿಡಿದು ಅಲ್ಲೇ ಕುಸಿದಳು,
ಉಪ್ಪಿಗಿಂತ ಬಿಳುಚಿದ ತುಟಿ.
ಇಬ್ಬರು ಎತ್ತಿ ಪಂಪಿನಮನೆ ಒಳಗೆ ತಂದೆವು.
ರವಿಕೆ ಸಡಿಲಿಸಿ, ಕುತ್ತಿಗೆಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು
ಕೇಳಿದೆ, ಇವತ್ತು ಯಾವ ವಾರ?
‘ಬುಧವಾರ. ನಿಂಗೆ ಗೊತ್ತಿಲ್ವನೆ?’
ಎಂದು ರೇಗಿದಳು.
ರೇಗಿದ್ದೇ ಸಾಕು. ತಲೆ ನೆಟ್ಟಗಿದೆ.
ವಾರ ತಪ್ಪಿದ್ದರೆ, ಬೆವರು ನಿಂತು
ಮೈ ಒಣಕಾವಲಿಯಾಗಿದ್ದರೆ,
ಬಾಯಿಗೆ ಹನಿಯನ್ನೂ ಬಿಡದೆ ಮೈ ತೋಯಿಸುತ್ತಲೇ
ಕುಮಟೆಯ ಆಸ್ಪತ್ರೆಗೆ ಓಡಿಸಬೇಕಿತ್ತು.

ಚಮಚ ಚಮಚವಾಗಿ ಕುಡಿಸಿದೆ.
ಹೊರಗೆ ಆಳೆತ್ತರದ ಉಪ್ಪಿನ ಗುಡ್ಡೆ;
ಒಳಗೆ ನಾನು, ದೂರದ ಯಾವುದೋ ಕಾರ್ಖಾನೆಯ
ಪೊಟ್ಟಣ ಹರಿದು
ಅವಳಿಗೆ ಉಪ್ಪು ಕೊಡುತ್ತಿದ್ದೆ.

‘ಕೊಡ ತುಂಬ ಇತ್ತಲ್ಲ, ಕುಡಿಯಲಿಕ್ಕೆ ಏನಾಗಿತ್ತು ಮಾರಾಯ್ತಿ?’

ಬಾಗಿಲಲ್ಲಿ ನಿಂತಿದ್ದ ಸಣ್ಣಕ್ಕ
ಮಾತಾಡದೆ ಕೈ ಬೀಸಿ ತೋರಿಸಿದಳು.
ಮೂಡಕ್ಕೆ ಬಯಲು, ಪಡುವಕ್ಕೆ ಬಯಲು,
ಕಟ್ಟೆಯ ಮೇಲೆ ಗಂಡಸರು,
ಗೋಕರ್ಣದ ಬಸ್ಸಿನ ಕಿಟಕಿಗಳು.
‘ಕುಡಿದದ್ದು ಎಲ್ಲಿಗೆ ಹೋಗಬೇಕು?
ಉಪ್ಪಿಗಾದರೂ ಮಡಲಿನ ಮುಚ್ಚಿಗೆ ಉಂಟು.’

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಉಪ್ಪು ಹೊತ್ತವರ ಬಗ್ಗೆ ಗಾದೆ ಸುಮ್ಮನಿದೆ.

ಒಂಬತ್ತು ವರ್ಷದಿಂದ ಬರುತ್ತಿದ್ದೇನೆ.
ಆಗರದ ದಿನ ಬೆಳಿಗ್ಗೆ ನಾನು ಚಾ ಕುಡಿಯುವುದಿಲ್ಲ.
ಮುರುಗಲು ನೀರಿನ ಬಾಟ್ಲಿ
ಮುಚ್ಚಳ ತೆರೆಯದೆ ಮನೆಗೆ ಮರಳುತ್ತದೆ.
ಯಾಕೆಂದು ಒಮ್ಮೆಯೂ
ನನ್ನನ್ನೇ ಕೇಳಿಕೊಂಡಿರಲಿಲ್ಲ.

ಮೇಸ್ತ್ರಿ ಗಣಪಯ್ಯ ಎರಡು ದಿನ ನೋಡುವಾ ನೋಡುವಾ ಅಂದ.
ಮೂರನೆಯ ದಿನ ನಾನು ಪಂಪಿನಮನೆ ಬಾಗಿಲಲ್ಲೇ ಕೂತೆ.
ಗಾಳಿಮರದ ನಾಲ್ಕು ಗೂಟ ಬಂದವು,
ಹೋದ ವರ್ಷದ ಮಡಲು, ಬಾಗಿಲಿಗೆ ಹಳೆ ಗೋಣಿ.
ಮೊದಲು ಹೋದವಳು ಸಣ್ಣಕ್ಕ;
ಹೊರಬಂದು ‘ಅರಮನೆ’ ಅಂದಳು.
ಬುಟ್ಟಿ ಇಳಿಸಿ ನಗುವಷ್ಟು ನಕ್ಕರು.

ರಿಜಿಸ್ಟರಿನ ಆ ಸಾಲು ಹೊಡೆದುಹಾಕಿದೆ.
ಅಲ್ಲಿ ಏನು ಬರೆಯಬೇಕೆಂದು ಇನ್ನೂ ತಿಳಿದಿಲ್ಲ;
ಮಡಲಿಗೆ ಕಾಲಂ ಇಲ್ಲ.

ಸೋಮವಾರ ಹನ್ನೊಂದಕ್ಕೇ ಕೊಡ ಬರಿದು.
ಇನ್ನೊಂದು ಕೊಡ ಯಾರು ತರುವುದೆಂದು
ಜೋರು ಜಗಳ ನಡೆದಿತ್ತು.
ಮಾಸ್ತಿ ನನ್ನ ಚೀಲಕ್ಕೆ ಕೈಹಾಕಿ
ಕೆಂಪು ಬಾಟ್ಲಿ ತೆಗೆದು
ಅರ್ಧ ಕುಡಿದು,
ಉಳಿದದ್ದನ್ನು ನನ್ನ ಮುಂದೆ ಹಿಡಿದಳು:
‘ಆಸರಿಗೆ.’